ಊರಿಗೆ ಅಧಿಕಾರ ಅನ್ನೋ ರೈತರ ಪಕ್ಷ ಬೆಲೆ ವಿಚಾರಕ್ಕೆ ದಿಲ್ಲಿ ಕಡೆ ಯಾಕೆ ನೋಡುತ್ತೆ?

ಕೆರೆಕೋಡಿ

ಎಲ್ಲರಿಗೂ ನಮಸ್ಕಾರ. ಸರ್ವೋದಯ ಕರ್ನಾಟಕ ಪಕ್ಷದ ನೀತಿ ಬಗ್ಗೆ ಒಂದು ಗಂಭೀರ ಚರ್ಚೆ ಆಗಲಿ ಅಂತ ಇದನ್ನ ಶುರು ಮಾಡ್ತಿದ್ದೀನಿ. ವಿಧಾನಸಭೆಯಲ್ಲಿ ಒಂದೇ ಸ್ಥಾನ ಇರೋ ಪಕ್ಷ, ಗೊತ್ತು. 2023ರಲ್ಲಿ ಮೇಲುಕೋಟೆಯಿಂದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು, ಕಾಂಗ್ರೆಸ್ ಅಲ್ಲಿ ಬೆಂಬಲ ಕೊಟ್ಟಿತ್ತು. ಆದರೂ ರೈತ ಚಳವಳಿಯ ಒಳಗಿಂದ ಶಾಸನಸಭೆಗೆ ಹೋಗಿರೋ ದನಿ ಅದು. ಏನು ಕೇಳುತ್ತೆ, ಯಾರ ಹತ್ರ ಕೇಳುತ್ತೆ ಅನ್ನೋದನ್ನ ನಾವು ಗಮನಿಸಲೇಬೇಕು.

ಈ ಪಕ್ಷದ ಬೇರು ರೈತಸಂಘದಲ್ಲಿದೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಜಮೀನಿನ ಬೆಲೆ ಏರುತ್ತೆ ಅಂತ ಹಾಕಿದ ಕರ, ಅದರ ವಿರುದ್ಧ ಎದ್ದು ನಿಂತರು, ಗೋಲಿಬಾರ್ ಆಯ್ತು, ಅದರ ಬೆನ್ನಿಗೇ ಸಂಘ ಹುಟ್ಟಿತು. ಆಮೇಲೆ ಊರೂರ ಬಾಗಿಲಲ್ಲಿ ಬೋರ್ಡ್ ಬಿತ್ತು: ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ. ಸಾಲಕ್ಕೆ ಜಪ್ತಿ ಮಾಡಿದ ಸಾಮಾನನ್ನ ರೈತರು ಹೋಗಿ ಮರುಜಪ್ತಿ ಮಾಡಿ ತಂದರು. ಸಂಘದ ನಾಯಕ ಪ್ರೊ. ನಂಜುಂಡಸ್ವಾಮಿ ಬಂದಿದ್ದೇ ಸಮಾಜವಾದಿ ಯುವಜನ ಸಭಾದ ಹಾದಿಯಲ್ಲಿ. ಸಮಾಜವಾದಿ ನಾಯಕ ಲೋಹಿಯಾ ಹೇಳಿದ ಚೌಖಂಬಾ ರಾಜ್ಯ, ಅಂದರೆ ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಅಂತ ನಾಲ್ಕು ಕಂಬಗಳ ಮೇಲೆ ನಿಲ್ಲೋ ರಾಜ್ಯ, ಅವರಿಗೆಲ್ಲ ಬಾಯಿಪಾಠ.

ಈಗ ಇನ್ನೊಂದು ಕಡೆ ನೋಡಿ. ಇವತ್ತಿನ ದೊಡ್ಡ ಬೇಡಿಕೆ ಬೆಂಬಲ ಬೆಲೆಗೆ ಕಾನೂನಿನ ಖಾತ್ರಿ. 22 ಬೆಳೆಗೆ ಬೆಂಬಲ ಬೆಲೆ ನಿಗದಿ ಆಗೋದು ದಿಲ್ಲಿಯಲ್ಲಿ. ಖಾತ್ರಿ ಕಾಯ್ದೆ ಮಾಡಬೇಕಾದ್ದೂ ಸಂಸತ್ತು ಅಂತಾರೆ. 2020ರ ಮೂರು ಕೃಷಿ ಕಾಯ್ದೆ ಬಂದಾಗ ನಾವೆಲ್ಲ ಏನು ವಾದ ಮಾಡಿದ್ವಿ? ಕೃಷಿ ರಾಜ್ಯದ ವಿಷಯ, ಕೇಂದ್ರಕ್ಕೆ ಇಲ್ಲಿ ಕೈ ಹಾಕೋ ಹಕ್ಕಿಲ್ಲ ಅಂತ. ಬೇಡದ ಕಾಯ್ದೆ ಬಂದಾಗ ಕೃಷಿ ರಾಜ್ಯದ್ದು, ಬೇಕಾದ ಕಾಯ್ದೆಗೆ ಕೇಂದ್ರ. ಪಕ್ಷದ ನೀತಿ ಇಲ್ಲಿ ಒಂದು ನಿಲುವಿಗೆ ಬರಬೇಕಲ್ವಾ? ನನಗಂತೂ ಇದು ಸಣ್ಣ ಗೊಂದಲ ಅನ್ನಿಸ್ತಿಲ್ಲ.

ಕಬ್ಬಿನಗದ್ದೆ

ಅಣ್ಣ, ಗೊಂದಲ ಏನೂ ಇಲ್ಲ. ಬೆಲೆ ಬೀಳಿಸೋ ಅಧಿಕಾರ ಯಾರ ಕೈಲಿದೆಯೋ ಬೆಲೆ ಕಾಯೋ ಹೊಣೆನೂ ಅವರದೇ. ಆಮದು ಸುಂಕ ಯಾರದು? ದಿಲ್ಲಿದು. ರಫ್ತು ನಿಷೇಧ? ದಿಲ್ಲಿದು.

ಒಂದು ಉದಾಹರಣೆ ಸಾಕು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯೋ ಬೆಂಗಳೂರು ರೋಸ್ ಈರುಳ್ಳಿ ಗೊತ್ತಲ್ಲ, ಸಣ್ಣ ಕೆಂಪು ಗಡ್ಡೆ. ನಮ್ಮಲ್ಲಿ ಅದನ್ನ ತಿನ್ನೋರು ಕಡಿಮೆ, ಬೆಳೆಯೋದೇ ಸಿಂಗಾಪುರ, ಮಲೇಷ್ಯಾ ಕಡೆಗೆ ಕಳಿಸೋಕೆ. 2023ರ ಆಗಸ್ಟ್‌ನಲ್ಲಿ ಉತ್ತರದ ಪೇಟೆಯಲ್ಲಿ ಈರುಳ್ಳಿ ಬೆಲೆ ಏರಿತು ಅಂತ ಕೇಂದ್ರ ಎಲ್ಲ ಈರುಳ್ಳಿಗೂ 40% ರಫ್ತು ಸುಂಕ ಹಾಕಿತು. ಇದಕ್ಕೂ ಬಿತ್ತು! ಇದು ಬೇರೆ ತಳಿ, ಇದರಿಂದ ದಿಲ್ಲಿ ಅಡುಗೆಮನೆಗೆ ಏನೂ ಆಗಲ್ಲ ಅಂತ ಒಪ್ಪಿಸಿ ವಿನಾಯಿತಿ ತರೋ ಹೊತ್ತಿಗೆ ಸೆಪ್ಟೆಂಬರ್ ಕೊನೆ. ಅದೂ ನಮ್ಮ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಮಾತ್ರ. ಕಿತ್ತ ಈರುಳ್ಳಿ ಅಷ್ಟು ದಿನ ಹೊಲದಲ್ಲಿ ಕಾಯುತ್ತಾ?

ಊರಿನ ಗ್ರಾಮಸಭೆ ಏನು ಠರಾವು ಮಾಡಿದರೂ ಈ ಸುಂಕ ಇಳಿಯಲ್ಲ. ಹಂಗಾಗಿ ದಿಲ್ಲಿ ಹತ್ರ ಕೇಳ್ತೀವಿ. ಹಳ್ಳಿ ಸ್ವರಾಜ್ಯ ಬಿಟ್ಟುಕೊಟ್ಟು ಕೇಳ್ತಿರೋದಲ್ಲ ಇದು. ನಮ್ಮ ಕೈ ಕಟ್ಟಿ ಹಾಕಿದ್ದಕ್ಕೆ ನಷ್ಟ ಕಟ್ಟಿಕೊಡಿ ಅಂತ ಕೇಳ್ತಿರೋದು.

ತುಮಕೂರು_ವಕೀಲೆ

@ಕಬ್ಬಿನಗದ್ದೆ ನಿಮ್ಮ ಈರುಳ್ಳಿ ಉದಾಹರಣೆ ಗಟ್ಟಿಯಾಗಿದೆ. ಆದರೆ ಅದರಿಂದ ಬರೋ ತೀರ್ಮಾನ ಅರ್ಧ ಮಾತ್ರ.

ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ರಾಜ್ಯ ಪಟ್ಟಿಯ 14ನೇ ಬಾಬ್ತು ಕೃಷಿ, 28ನೇದು ಮಾರುಕಟ್ಟೆ ಮತ್ತು ಸಂತೆ. 2020ರಲ್ಲಿ ಕೇಂದ್ರ ನುಗ್ಗಿದ್ದು ಸಮವರ್ತಿ ಪಟ್ಟಿಯ 33ನೇ ಬಾಬ್ತಿನ ಮೂಲಕ, ಆಹಾರ ಪದಾರ್ಥಗಳ ವ್ಯಾಪಾರ ಅಂತ. ಅದಕ್ಕೆ ಈ ವ್ಯಾಪ್ತಿ ಬಂದಿದ್ದು 1954ರ ಮೂರನೇ ತಿದ್ದುಪಡಿಯಲ್ಲಿ. ಅಂದಮೇಲೆ ರಾಜ್ಯಕ್ಕೂ ಇಲ್ಲಿ ಜಾಗ ಇದೆ. ನಮ್ಮ ರಾಜ್ಯಕ್ಕೆ 2014ರಿಂದ ತನ್ನದೇ ಕೃಷಿ ಬೆಲೆ ಆಯೋಗ ಇದೆ. ರಾಗಿಗೆ, ತೊಗರಿಗೆ ಕೇಂದ್ರ ಘೋಷಿಸಿದ ಬೆಲೆಯ ಮೇಲೆ ರಾಜ್ಯ ತನ್ನ ಕೈಯಿಂದ ಪ್ರೋತ್ಸಾಹಧನ ಸೇರಿಸೋಕೆ ಯಾವ ಸಾಂವಿಧಾನಿಕ ಅಡ್ಡಿಯೂ ಇಲ್ಲ.

ಹಾಗಿದ್ದರೆ ಒಬ್ಬ ಶಾಸಕ ಇರೋ ರಾಜ್ಯ ಮಟ್ಟದ ಪಕ್ಷ ತನ್ನ ಮೊದಲ ಬೇಡಿಕೆಯನ್ನ ಎಲ್ಲಿ ಇಡಬೇಕು? ಅವರ ಶಾಸಕರು ಕೂರೋದು ವಿಧಾನಸೌಧದಲ್ಲಿ. ಪ್ರಶ್ನೆ ಕೇಳೋಕೆ, ಖಾಸಗಿ ಮಸೂದೆ ತರೋಕೆ, ಬಜೆಟ್ ಮೇಲೆ ಮಾತಾಡೋಕೆ ಅಲ್ಲಿ ಅವಕಾಶ ಇದೆ. ಸಂಸತ್ತಿನಲ್ಲಿ ಒಂದೂ ಸ್ಥಾನ ಇಲ್ಲ. ಬರೀ ದಿಲ್ಲಿ ಕಡೆ ಬೆರಳು ತೋರಿಸಿದರೆ ಬೆಂಗಳೂರಿನಲ್ಲಿ ಇರೋರು ಆರಾಮಾಗಿ ಉಳ್ಕೋತಾರೆ. ರಾಜ್ಯ ಸರ್ಕಾರಗಳಿಗೆ, ಯಾವ ಪಕ್ಷದ್ದೇ ಇರಲಿ, ಇದಕ್ಕಿಂತ ಅನುಕೂಲದ ಬೇಡಿಕೆ ಇನ್ನೊಂದಿಲ್ಲ.

ಬೈಲಹೊಂಗಲ_ರೈತ

ವಕೀಲ ಮೇಡಂ ಬರೋಬ್ಬರಿ ಹೇಳಿದ್ರಿ. ನಮ್ಮ ಕಡೆ ಕಬ್ಬಿನ ಕಥಿ ಕೇಳ್ರಿ.

2025ರ ನವೆಂಬರ್‌ನ್ಯಾಗ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನ್ಯಾಗ ರೈತರು ರಸ್ತೆ ಮ್ಯಾಲೆ ಕುಂತಿದ್ದು ನೀವೆಲ್ಲಾ ಟಿವಿಯೊಳಗ ನೋಡೀರಿ. ಕಡಿಯೂ ಖರ್ಚು, ಗಾಡಿ ಬಾಡಿಗಿ ಬಿಟ್ಟು ಟನ್ನಿಗೆ 3,500 ಕೇಳಿದ್ವಿ. ಕಡೀಕ 3,300ಕ್ಕ ಬಂತು, ಅದರಾಗ 50 ರೂಪಾಯಿ ಸರಕಾರದ್ದು. ಆ ದಿನಗಳೊಳಗ ಏನಾತು? ರಾಜ್ಯದವರು, ದರ ಮಾಡೂದು ಕೇಂದ್ರ, ನಮ್ಮ ಕೈಯಾಗ ಏನೈತಿ ಅಂದ್ರು. ಕೇಂದ್ರದವರು, ಕಾರ್ಖಾನಿ ರಾಜ್ಯದಾಗ ಅದಾವು, ಅವರ ಕಡೆ ಕೊಡಸ್ರಿ ಅಂದ್ರು. ಎತ್ತು ಏರಿಗೆಳೆದ್ರ ಕೋಣ ನೀರಿಗೆಳೀತು ಅಂತಾರಲ್ಲ, ಹಂಗ.

ಈಗ ಖರೇ ಮಾತಿಗೆ ಬರ್ತೀನಿ. ಆ ವರ್ಷ ದಿಲ್ಲಿ ಹಾಕಿದ ಎಫ್‌ಆರ್‌ಪಿ, ಅಂದ್ರ ಕಾರ್ಖಾನಿ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲ್‌ಗೆ 355 ರೂಪಾಯಿ, ಅದೂ ಇಳುವರಿ 10.25% ಇದ್ರ. ಇಳುವರಿ ಅಂದ್ರ ನೂರು ಕಿಲೋ ಕಬ್ಬಿನ್ಯಾಗ ಎಷ್ಟು ಸಕ್ರಿ ಬಂತು ಅನ್ನೂದು. ಪಾಯಿಂಟ್ ಒಂದು ಹೆಚ್ಚಾದ್ರ ದರ ಏರ್ತೈತಿ, ಕಡಿಮಿ ಆದ್ರ ಇಳೀತೈತಿ. ಈ ಇಳುವರಿ ಲೆಕ್ಕ ಬರೋದು ಎಲ್ಲಿಂದ? ಕಾರ್ಖಾನಿಯವರ ಲ್ಯಾಬಿನಿಂದ. ತೂಕ ಯಾರ ಕಾಂಟಾದ ಮ್ಯಾಲೆ? ಕಾರ್ಖಾನಿ ಗೇಟಿನ್ಯಾಗ ಇರೂ ಅವರದ ಕಾಂಟಾ. ರಾತ್ರಿ ಎರಡಕ್ಕ ಟ್ರ್ಯಾಕ್ಟರ್ ಕಾಂಟಾ ಮ್ಯಾಲೆ ಏರಸ್ತೀವಿ, ಒಳಗ ಕಂಪ್ಯೂಟರ್ ಮುಂದ ಕುಂತ ಹುಡುಗ ಚೀಟಿ ಹರದು ಕೊಡ್ತಾನ. ಅದರ ಮ್ಯಾಲೆ ಬರದದ್ದ ತೂಕ. ಹೊರಗ ತೂಗಿಸಿಕೊಂಡು ಬಂದ್ರ ನಿಮ್ಮ ಕಬ್ಬು ಒಣಗೈತಿ ಅಂತ ಹಿಂದಕ್ಕ ಕಳಸ್ತಾರೇನೋ ಅಂತ ಅಂಜಿಕಿ.

ದರ ದಿಲ್ಲಿಯಾಗ ಮಾಡ್ಲಿ, ಬೆಂಗಳೂರಾಗ ಮಾಡ್ಲಿ. ಕಾಂಟಾ ಮತ್ತ ಲ್ಯಾಬ್ ಅವರ ಕೈಯಾಗ ಇರೂತನಕ 355 ಅನ್ನೂ ಅಂಕಿ ಕಾಗದದಾಗ ಅಷ್ಟ. ನಮ್ಮ ಪಕ್ಷ ಅಂತ ಹೇಳಿಕೊಳ್ಳವರು ಇದನ್ನ ಮೊದಲ ಹಿಡೀಬೇಕ್ರಿ.

ಕೆರೆಕೋಡಿ

@ಬೈಲಹೊಂಗಲ_ರೈತ ಇದು ನಾನು ಕೇಳಿದ್ದ ಪ್ರಶ್ನೆಯನ್ನೇ ಬೇರೆ ಕಡೆಗೆ ತಿರುಗಿಸ್ತು. ಅಧಿಕಾರ ದಿಲ್ಲಿಲಿದೆಯಾ ಹಳ್ಳಿಲಿದೆಯಾ ಅಂತ ನಾನು ಕೇಳ್ತಿದ್ದೆ, ನೀವು ಅಳತೆ ಯಾರ ಕೈಲಿದೆ ಅಂತ ಕೇಳ್ತಿದ್ದೀರಿ. ಮಂಡ್ಯದ ಕಡೆಯೂ ಇದೇ ಜಗಳ. ನಮ್ಮ ಕಬ್ಬಿನ ಇಳುವರಿ ನಿಮ್ಮಷ್ಟು ಬರಲ್ಲ, ಹಾಗಾಗಿ ಅದನ್ನ ಯಾರು ಅಳೀತಾರೆ ಅನ್ನೋದು ನಮಗೆ ಇನ್ನೂ ಹೆಚ್ಚು ನೋವು ಕೊಡುತ್ತೆ.

ವೈಟ್‌ಫೀಲ್ಡ್_ರಾಘು

ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಸಿಟ್ಟಾಗಬೇಡಿ. ಎಲ್ಲವನ್ನೂ ಊರಿಗೆ ಕೊಟ್ಟರೆ ನ್ಯಾಯ ಸಿಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ನಮ್ಮ ತಾತ ಒಂದು ಪಹಣಿಗೆ ಊರಿನ ಗ್ರಾಮಲೆಕ್ಕಿಗರ ಹಿಂದೆ ಅಲೆದಿದ್ದು ನಾನೇ ನೋಡಿದ್ದೀನಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರ್‌ಗೆ ಹೋದವು, ತಾಲ್ಲೂಕು ಕಚೇರಿ ಕೌಂಟರ್‌ನಲ್ಲಿ ದುಡ್ಡು ಕಟ್ಟಿದರೆ ಪ್ರಿಂಟ್ ಸಿಗೋ ಹಾಗಾಯ್ತು. ಅಧಿಕಾರ ಊರಿಂದ ತಾಲ್ಲೂಕಿಗೆ ಹೋಯ್ತು, ಅಂದರೆ ಮೇಲಕ್ಕೇ ಹೋಯ್ತು. ಆದರೆ ರೈತನಿಗೆ ಅನುಕೂಲ ಆಯ್ತು. ಹತ್ತಿರ ಇರೋ ಅಧಿಕಾರವೇ ಕೆಲವು ಸಲ ಜಾಸ್ತಿ ಕಾಡುತ್ತೆ.

ರಾಗಿಕಣ

ರಾಘು ಅವರೇ, ಭೂಮಿಯಿಂದ ಆದ ಅನುಕೂಲ ನಿಜ. ಅದರ ಮುಂದಿನ ಅಧ್ಯಾಯ ನಾನು ಹೇಳ್ತೀನಿ.

ಬೆಂಬಲ ಬೆಲೆಗೆ ರಾಗಿ ಮಾರಬೇಕು ಅಂದರೆ ಫ್ರೂಟ್ಸ್ ಐಡಿ, ಅಂದರೆ ರಾಜ್ಯದ ರೈತರ ನೋಂದಣಿ ಸಂಖ್ಯೆ ಬೇಕು. ಅದರಲ್ಲಿ ನಿಮ್ಮ ಸರ್ವೆ ನಂಬರ್ ಎದುರಿಗೆ ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ದಾಖಲಾಗಿರಬೇಕು. ಸಮೀಕ್ಷೆ ಮಾಡೋದು ಮೊಬೈಲ್ ಆ್ಯಪ್‌ನಲ್ಲಿ. ನಮ್ಮ ಹೊಲದ ಫೋಟೊ ತೆಗೆದ ಹುಡುಗ ಬದುವಿನ ಮೇಲಿನ ಅವರೆ, ಜೋಳ ನೋಡಿ ಮಿಶ್ರ ಬೆಳೆ ಅಂತ ಹಾಕಿದ್ದ. ನಮ್ಮ ಕಡೆ ರಾಗಿ ಜೊತೆ ಅಕ್ಕಡಿ ಸಾಲು ಇಡೋದು ಅಜ್ಜನ ಕಾಲದ ಪದ್ಧತಿ, ಆ್ಯಪ್‌ಗೆ ಅದು ಗೊತ್ತಾಗಬೇಕಲ್ಲ. ಖರೀದಿ ಕೇಂದ್ರದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತಿದ್ದಾಗ ಪರದೆ ಮೇಲೆ ನಮ್ಮ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆ ತೋರಿಸ್ತು. ಎದುರಿಗೆ ಮೂಟೆ ಇದೆ. ಗ್ರೇಡರ್ ರಾಗಿಯನ್ನ ಅಂಗೈ ಮೇಲೆ ಹಾಕಿಕೊಂಡು ಊದಿ, ಕಲ್ಲಿಲ್ಲ ಒಣಗಿದೆ ಅಂದರು. ಆದರೂ ತಗೊಳ್ಳೋ ಹಾಗಿಲ್ಲ! ಅಲ್ಲಿ ಕೂತವರ ಮೇಲೆ ನನಗೆ ಕೋಪ ಇಲ್ಲ, ತಿದ್ದೋ ಅಧಿಕಾರ ಅವರಿಗೆ ಇರಲೇ ಇಲ್ಲ. ಮಿಕ್ಕ ಮೂಟೆಯನ್ನ ಸಂತೆಯ ವ್ಯಾಪಾರಿಗೆ ಅವನು ಹೇಳಿದ ಬೆಲೆಗೆ ಹಾಕಿ ಬಂದ್ವಿ.

2025-26ಕ್ಕೆ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಘೋಷಣೆ ಆಯ್ತು, ಒಳ್ಳೆ ಬೆಲೆ. ದಿಲ್ಲಿ ಕೊಟ್ಟಿದ್ದನ್ನ ನಾನು ಬೇಡ ಅನ್ನಲ್ಲ. ಈ ಹೊಲದಲ್ಲಿ ಇದ್ದದ್ದು ರಾಗಿ ಅಂತ ಹೇಳೋ ಅಧಿಕಾರ ನಮ್ಮ ಪಂಚಾಯ್ತಿಗೆ ಇರಬೇಕು ಅಂತ ಮಾತ್ರ ನನ್ನ ವಾದ. ಅಕ್ಕಪಕ್ಕದ ನಾಲ್ಕು ಜನ ರೈತರು ಬಂದು ಹೇಳಿದರೆ ಮುಗಿಯೋ ಸಂಗತಿ ಅದು.

ಮಾಜಿ_ಮೆಂಬರ್

ಅಕ್ಕಪಕ್ಕದ ನಾಲ್ಕು ಜನ ರೈತರು ಅಂದ್ರಲ್ಲ, ಆ ನಾಲ್ಕು ಜನ ಯಾರು ಅಂತ ನಾನು ಕೇಳಲೇಬೇಕು. ನಾನು ಮೀಸಲು ಸ್ಥಾನದಿಂದ ಗೆದ್ದು ಒಂದು ಅವಧಿ ಪಂಚಾಯ್ತಿ ಸದಸ್ಯೆ ಆಗಿದ್ದವಳು. ಊರು ಹೇಳಿದರೆ ಸಾಕು ಅನ್ನೋ ಮಾತು ಕೇಳಿದಾಗ ನನಗೆ ಸಮಾಧಾನ ಆಗಲ್ಲ.

ಗ್ರಾಮಸಭೆ ಹೇಗೆ ನಡೀತಿತ್ತು ಹೇಳ್ತೀನಿ. ದೇವಸ್ಥಾನದ ಮುಂದಿನ ಜಗಲಿ ಮೇಲೆ ಶಾಮಿಯಾನ. ನಮ್ಮ ಕೇರಿಯವರು ಆ ಜಗಲಿ ಹತ್ತಲ್ಲ, ಆಚೆ ಬೇವಿನ ಮರದ ಹತ್ತಿರ ನಿಲ್ತಾರೆ. ಮೈಕ್ ಅಲ್ಲಿತನಕ ಬರಲ್ಲ. ಕ್ರಿಯಾಯೋಜನೆ ಮೊದಲೇ ಟೈಪ್ ಆಗಿ ಬಂದಿರುತ್ತೆ. ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಓದುವಾಗ ಜನರೇಟರ್ ಸದ್ದು. ಆಮೇಲೆ ನಡಾವಳಿ ಪುಸ್ತಕ ಕೇರಿಗೆ ಬರುತ್ತೆ, ಹೆಬ್ಬೆಟ್ಟು, ಸಹಿ ಹಾಕಿಸ್ಕೊಂಡು ಹೋಗ್ತಾರೆ. ಕಾಗದದಲ್ಲಿ ಕೋರಂ ಭರ್ತಿ. ನಾನು ಪಟ್ಟಿಯನ್ನ ನಮ್ಮ ಕೇರಿಯಲ್ಲೂ ನಿಂತು ಓದಿ ಅಂತ ಹಠ ಹಿಡಿದಾಗ, ಇವಳಿಗೆ ಯಾರು ಹೇಳಿಕೊಟ್ಟರು ಅಂತ ನನ್ನ ಗಂಡನ ಹತ್ತಿರ ವಿಚಾರಣೆ ಆಯ್ತು.

1948ರ ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಅಜ್ಞಾನದ, ಸಂಕುಚಿತ ಬುದ್ಧಿಯ ಗೂಡು ಅಂತ ಕರೆದು, ಕರಡಿನಲ್ಲಿ ಹಳ್ಳಿಯನ್ನ ಬಿಟ್ಟು ವ್ಯಕ್ತಿಯನ್ನ ಘಟಕ ಮಾಡಿದ್ದು ಸಂತೋಷ ಅಂದರು. ಪಂಚಾಯ್ತಿ ವಿಷಯ 40ನೇ ವಿಧಿಯಾಗಿ ಒಳಗೆ ಬಂದದ್ದು ಆಮೇಲಿನ ತಿದ್ದುಪಡಿಯಲ್ಲಿ. ನನ್ನಂಥವಳು ಪಂಚಾಯ್ತಿ ಕುರ್ಚಿ ಮೇಲೆ ಕೂತಿದ್ದು 73ನೇ ತಿದ್ದುಪಡಿಯ ಮೀಸಲಾತಿಯಿಂದ. ಅದು ದಿಲ್ಲಿಯಿಂದ ಬಂತು. ಊರು ತಾನಾಗಿ ಕೊಡ್ತಿರಲಿಲ್ಲ. ಅರಸು ಅವರ 1974ರ ಭೂ ಸುಧಾರಣೆಯೂ ಹಾಗೇ. ಕಾನೂನು ಬೆಂಗಳೂರಿಂದ ಬಂತು, ತಾಲ್ಲೂಕಿಗೊಂದು ನ್ಯಾಯಮಂಡಳಿ ಕೂತಿತು, ಅದರಲ್ಲಿ ಪರಿಶಿಷ್ಟರ ಪ್ರತಿನಿಧಿ ಇರಲೇಬೇಕು ಅಂತ ಕಾನೂನೇ ಹೇಳಿತು. ಗೇಣಿದಾರ ಯಾರು ಅಂತ ತೀರ್ಮಾನ ಮಾಡೋದನ್ನ ಊರಿನ ಯಜಮಾನರಿಗೆ ಬಿಟ್ಟಿದ್ದರೆ ಎಷ್ಟು ಜನಕ್ಕೆ ಭೂಮಿ ಸಿಗ್ತಿತ್ತು?

ಈ ಪಕ್ಷಕ್ಕೆ ದೇವನೂರ ಮಹಾದೇವ ಅವರಂಥವರು ಅಧ್ಯಕ್ಷರಾಗಿದ್ದರು. ದಲಿತ ಚಳವಳಿ, ರೈತ ಚಳವಳಿ ಒಂದೇ ವೇದಿಕೆಗೆ ಬರಬೇಕು ಅನ್ನೋ ಆಸೆ ಅಲ್ಲಿತ್ತು. ಆ ಆಸೆ ನೀತಿಯಲ್ಲೂ ಕಾಣಬೇಕು. ಊರಿಗೆ ಅಧಿಕಾರ ಅಂತ ಬರೆಯೋ ಸಾಲಿನ ಪಕ್ಕದಲ್ಲೇ ಊರೊಳಗೆ ಯಾರಿಗೆ ಅಂತಲೂ ಬರೀಬೇಕು.

ತುಮಕೂರು_ವಕೀಲೆ

ಮಾಜಿ ಮೆಂಬರ್ ಅವರ ಮಾತಿಗೆ ನನ್ನ ಪೂರ್ತಿ ಸಹಮತ. 2015ರಲ್ಲಿ ರಮೇಶ್ ಕುಮಾರ್ ಸಮಿತಿ ಶಿಫಾರಸಿನ ಮೇಲೆ ನಮ್ಮ ಪಂಚಾಯತ್ ರಾಜ್ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಗ್ರಾಮಸಭೆಗಿಂತ ಕೆಳಗೆ ವಾರ್ಡ್ ಸಭೆ, ಅದಕ್ಕೂ ಕೆಳಗೆ ಜನವಸತಿ ಸಭೆ ಅಂತ ಇಟ್ಟರು. ಕೇರಿಯಲ್ಲೇ ಸಭೆ ಸೇರಿ ಕೇರಿಯ ಬೇಡಿಕೆ ಪಟ್ಟಿ ಮಾಡಬಹುದು, ಕಾನೂನಿನಲ್ಲಿ ದಾರಿ ಇದೆ. ಅದನ್ನ ಎಲ್ಲಾದರೂ ನಿಯಮಿತವಾಗಿ ಮಾಡಿಸಿ ತೋರಿಸೋದು ಒಂದು ಸಣ್ಣ ಪಕ್ಷದ ಕಾರ್ಯಕರ್ತರಿಗೆ ಆಗೋ ಕೆಲಸ. ಅದಕ್ಕೆ ಶಾಸಕರ ಸಂಖ್ಯೆ ಬೇಕಿಲ್ಲ.

ಮ್ಯೂನಿಕ್_ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಕೂತು ಓದ್ತಿದ್ದೀನಿ. ಇಲ್ಲಿನ ಗ್ರೀನ್ ಪಕ್ಷದ ಕಥೆ ನಿಮ್ಮ ಚರ್ಚೆಗೆ ಉಪಯೋಗ ಆಗಬಹುದು. ಅದು ಶುರುವಾಗಿದ್ದೂ 1980ರಲ್ಲೇ, ಅದೂ ಚಳವಳಿಯಿಂದ ಬಂದ ಪಕ್ಷವೇ. ತಳಮಟ್ಟದ ಪ್ರಜಾಪ್ರಭುತ್ವ ಅನ್ನೋದು ಅವರ ಮೂಲ ತತ್ವಗಳಲ್ಲೊಂದು.

1983ರಲ್ಲಿ 5.6% ಮತ ತಗೊಂಡು ಸಂಸತ್ತಿಗೆ ಬಂದರು. ಯಾರೂ ಕುರ್ಚಿಗೆ ಅಂಟಿಕೊಳ್ಳಬಾರದು ಅಂತ ಎರಡು ವರ್ಷಕ್ಕೆ ಸದಸ್ಯರು ರಾಜೀನಾಮೆ ಕೊಟ್ಟು ಮುಂದಿನವರಿಗೆ ಜಾಗ ಬಿಡೋ ನಿಯಮ ಮಾಡಿದ್ದರು. ಪೆಟ್ರಾ ಕೆಲ್ಲಿ ಅಂಥ ದೊಡ್ಡ ನಾಯಕಿಯೇ ಒಪ್ಪಲಿಲ್ಲ. ಕೆಲಸ ಕಲಿಯೋ ಹೊತ್ತಿಗೆ ಎದ್ದು ಹೋಗಬೇಕು ಅಂದರೆ ಅಧಿಕಾರಿಗಳ ಮುಂದೆ ಸದಸ್ಯರು ಯಾವಾಗಲೂ ಹೊಸಬರೇ ಆಗಿರ್ತಾರೆ. 1990ರಲ್ಲಿ ಜರ್ಮನಿಯ ಪಶ್ಚಿಮ ಭಾಗದ ಗ್ರೀನ್ಸ್ ಸಂಸತ್ತಿಗೆ ಬೇಕಾದ 5% ಮತದ ಗಡಿ ದಾಟದೆ ಸಂಸತ್ತಿಂದ ಹೊರಬಿದ್ದರು, 1991ರಲ್ಲಿ ಆ ನಿಯಮವನ್ನೇ ಕೈಬಿಟ್ಟರು.

ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು ಇನ್ನೊಂದಿದೆ. 2000ದಲ್ಲಿ ಗ್ರೀನ್ಸ್ ಮೈತ್ರಿ ಸರ್ಕಾರದಲ್ಲಿದ್ದಾಗ ನವೀಕರಿಸಬಹುದಾದ ಇಂಧನದ ಕಾಯ್ದೆ ತಂದರು. ಯಾರೇ ಸೂರ್ಯನಿಂದ, ಗಾಳಿಯಿಂದ ಕರೆಂಟ್ ಮಾಡಿದರೂ ಗ್ರಿಡ್‌ನವರು ಕೊಳ್ಳಲೇಬೇಕು, ನಿಗದಿ ಬೆಲೆಯನ್ನ 20 ವರ್ಷ ಕೊಡಬೇಕು ಅಂತ. ಕಾಯ್ದೆ ಇಡೀ ದೇಶಕ್ಕೆ ಒಂದೇ, ಮಾಡಿದ್ದು ಬರ್ಲಿನ್. ಆದರೆ ಅದರ ಬಲದ ಮೇಲೆ ರೈತರು ಕೊಟ್ಟಿಗೆ ಮೇಲೆ ಫಲಕ ಹಾಕಿದರು, ಊರವರು ಸೇರಿ ಸಹಕಾರ ಸಂಘ ಕಟ್ಟಿ ಗಾಳಿಯಂತ್ರ ನಿಲ್ಲಿಸಿದರು. ಬೆಲೆಯ ಖಾತ್ರಿ ಮೇಲಿಂದ ಬಂದಿದ್ದರಿಂದಲೇ ಉತ್ಪಾದನೆ ಊರುಗಳಿಗೆ ಹರಡಿತು. ಬ್ಯಾಂಕಿನವರು ಸಣ್ಣವರಿಗೂ ಸಾಲ ಕೊಟ್ಟರು, ಯಾಕಂದರೆ 20 ವರ್ಷದ ಆದಾಯ ಕಾನೂನಿನಲ್ಲೇ ಬರೆದಿತ್ತು. ಬೆಂಬಲ ಬೆಲೆಗೆ ಕಾನೂನಿನ ಖಾತ್ರಿ ಕೇಳೋದು ವಿಕೇಂದ್ರೀಕರಣಕ್ಕೆ ವಿರುದ್ಧ ಅಂತ ನನಗೆ ಅನ್ನಿಸದೇ ಇರೋದು ಇದಕ್ಕೇ.

ವೈಟ್‌ಫೀಲ್ಡ್_ರಾಘು

@ಮ್ಯೂನಿಕ್_ಕನ್ನಡಿಗ ಒಳ್ಳೆ ಉದಾಹರಣೆ. ಆದರೆ ದುಡ್ಡು ಯಾರು ಕೊಟ್ಟರು?

ಮ್ಯೂನಿಕ್_ಕನ್ನಡಿಗ

ಕರೆಂಟ್ ಬಳಸೋ ಪ್ರತಿಯೊಬ್ಬರೂ. ಬಿಲ್‌ನಲ್ಲೇ ಒಂದು ಸರ್‌ಚಾರ್ಜ್ ಇತ್ತು, 2022ರ ಮಧ್ಯದ ತನಕ. ಕೆಲವು ದೊಡ್ಡ ಕಾರ್ಖಾನೆಗಳಿಗೆ ಅದರಲ್ಲಿ ರಿಯಾಯಿತಿ ಕೊಟ್ಟಿದ್ದು ದೊಡ್ಡ ತಕರಾರೂ ಆಯ್ತು. ಹೊರೆ ಯಾರ ಮೇಲೆ ಅನ್ನೋದನ್ನ ಅವರು ಮೊದಲೇ ಕಾನೂನಿನಲ್ಲಿ ಹೇಳಿದ್ದರು ಅನ್ನೋದು ಮುಖ್ಯ. ನಮ್ಮಲ್ಲಿ ಬೆಂಬಲ ಬೆಲೆ ಘೋಷಣೆ ಆಗುತ್ತೆ, ಯಾರು ಕೊಳ್ಳಬೇಕು, ಎಷ್ಟು ಕೊಳ್ಳಬೇಕು ಅನ್ನೋದಕ್ಕೆ ಕಾನೂನೇ ಇಲ್ಲ.

ಕಬ್ಬಿನಗದ್ದೆ

ಅದಕ್ಕೇ ಆಹಾರ ನಿಗಮದ ಸುಧಾರಣೆಗೆ ಕೇಂದ್ರ ನೇಮಿಸಿದ್ದ ಶಾಂತಕುಮಾರ್ ಸಮಿತಿ 2015ರಲ್ಲಿ ಹೇಳಿದ್ದು, ಬೆಂಬಲ ಬೆಲೆಗೆ ಸರ್ಕಾರಿ ಸಂಸ್ಥೆಗಳಿಗೆ ಮಾರೋ ರೈತರು 6% ಅಷ್ಟೇ ಅಂತ. ಮಿಕ್ಕವರಿಗೆ ಅದು ಪೇಪರ್‌ನಲ್ಲಿ ಓದೋ ಸುದ್ದಿ.

ನಿವೃತ್ತ_ಗುಮಾಸ್ತ

ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಜಿಲ್ಲಾ ಪರಿಷತ್ತಿನ ಕಾಲದಲ್ಲಿ ಕೆಲಸ ಮಾಡಿದವನು. ಕೆರೆಕೋಡಿಯವರ ಮೊದಲ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರ ಇದೆ, ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ.

ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಮಂತ್ರಿ. 1983ರಲ್ಲಿ ಮಾಡಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬೀಳೋಕೆ 1985 ಆಯಿತು. 1987ರ ಜನವರಿಯಲ್ಲಿ ಚುನಾವಣೆ. ಮಹಿಳೆಯರಿಗೆ 25% ಮೀಸಲು, 73ನೇ ತಿದ್ದುಪಡಿಗೂ ಮೊದಲೇ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಐಎಎಸ್ ಅಧಿಕಾರಿ, ಅವರು ಜಿಲ್ಲಾಧಿಕಾರಿಗಿಂತ ಹಿರಿಯರು! ಕೊಳವೆಬಾವಿ ಎಲ್ಲಿ ಕೊರೆಯಬೇಕು, ಶಾಲೆಗೆ ಎಲ್ಲಿ ಕೋಣೆ ಬೇಕು ಅನ್ನೋ ಕಡತ ಬೆಂಗಳೂರಿಗೆ ಹೋಗೋದು ನಿಂತಿತು. ಮೇಷ್ಟರು ಶಾಲೆಗೆ ಬರದಿದ್ದರೆ ಮಂಡಲ ಪಂಚಾಯ್ತಿ ಸದಸ್ಯರು ಬಂದು ಹಾಜರಿ ಪುಸ್ತಕ ಕೇಳ್ತಿದ್ದರು. ನಮಗೆ ನೌಕರರಿಗೆ ಕಿರಿಕಿರಿ ಆಗ್ತಿತ್ತು, ಆದರೆ ಮೇಷ್ಟರು ಬರ್ತಿದ್ದರು.

ಇದನ್ನ ಮೊದಲು ವಿರೋಧಿಸಿದವರು ಯಾರು ಅಂತೀರಿ? ಶಾಸಕರು. ವರ್ಗಾವಣೆ, ಕಾಮಗಾರಿ ಎಲ್ಲ ಅವರ ಕೈ ತಪ್ಪಿತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಆ ಪರಿಷತ್ತುಗಳ ಅವಧಿ ಮುಗಿದ ಮೇಲೆ ಹೊಸ ಜಿಲ್ಲಾ ಪಂಚಾಯ್ತಿಗೆ ಚುನಾವಣೆ ಬರೋಕೆ 1995 ಆಯಿತು. ಈಚಿನದು ಹೇಳಬೇಕಾ? 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ಕ್ಕೆ ಮುಗೀತು, ಅದಾದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ದರ್ಬಾರು. ಬೆಂಗಳೂರು ಪಾಲಿಕೆಯ ಅವಧಿ 2020ರಲ್ಲಿ ಮುಗಿದ ಮೇಲೂ ಇದೇ ಕಥೆ.

ದಿಲ್ಲಿ ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲು ಕಡಿಮೆ ಮಾಡಿತು, 4.713% ಇದ್ದದ್ದನ್ನ 15ನೇ ಹಣಕಾಸು ಆಯೋಗದಲ್ಲಿ 3.647%ಕ್ಕೆ ಇಳಿಸಿತು ಅಂತ ಬೆಂಗಳೂರು ಗೋಳಾಡಿತು. ಆ ಗೋಳು ನ್ಯಾಯವಾದದ್ದೇ. ಆದರೆ ಅದೇ ಬೆಂಗಳೂರು ತನಗಿಂತ ಕೆಳಗಿನವರಿಗೆ ಚುನಾವಣೆಯನ್ನೂ ನಡೆಸಲ್ಲ. ಈ ಪಕ್ಷ ವಿಕೇಂದ್ರೀಕರಣದ ಬಗ್ಗೆ ಮಾತಾಡೋದಾದರೆ ಇದನ್ನ ಸದನದಲ್ಲಿ ಪ್ರತಿ ಅಧಿವೇಶನದಲ್ಲೂ ಎತ್ತಬೇಕು. ಯಾವ ದೊಡ್ಡ ಪಕ್ಷದ ಶಾಸಕರೂ ಎತ್ತಲ್ಲ, ಅವರಿಗೆ ಅದರಿಂದ ಲಾಭವೇ ಇರೋದು.

ರಾಗಿಕಣ

ಹಣದ ವಿಷಯ ಬಂತು ಅಂತ ಇನ್ನೊಂದು. 15ನೇ ಹಣಕಾಸಿನ ದುಡ್ಡು ಪಂಚಾಯ್ತಿಗೆ ನೇರ ಬರುತ್ತೆ ಅಂತ ಸಂತೋಷಪಟ್ವಿ. ಅದರಲ್ಲಿ 60% ನೀರು, ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿ ಹಾಕಿದ್ದರು. ಇನ್ನು ನರೇಗಾ. ಅದರಲ್ಲಿ ಕೆಲಸ ಯಾವುದು ಅಂತ ಗ್ರಾಮಸಭೆ ಹೇಳಬಹುದಿತ್ತು, ಕೂಲಿ ಹಣ ಪೂರ್ತಿ ಕೇಂದ್ರದ್ದು. 2025ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. 125 ದಿನ ಅಂತ ಹೇಳ್ತಾರೆ, ಆದರೆ ರಾಜ್ಯ 40% ಹಾಕಬೇಕು, ಯಾವ ರಾಜ್ಯಕ್ಕೆ ಎಷ್ಟು ಅಂತ ಮಿತಿ ಹಾಕೋದು ಕೇಂದ್ರ. ಕೂಲಿ ಕೇಳೋ ಹಕ್ಕು ಊರಲ್ಲಿ, ಎಷ್ಟು ಕೊಡಬೇಕು ಅನ್ನೋ ಬೀಗದಕೈ ದಿಲ್ಲಿಲಿ. ಇಂಥ ಏರ್ಪಾಡಿಗೆ ವಿಕೇಂದ್ರೀಕರಣ ಅಂತ ಹೆಸರಿಡೋದನ್ನ ನಾವು ಒಪ್ಪಬಾರದು.

ಕೆರೆಕೋಡಿ

ಪಕ್ಷದ ಒಳಗಿನ ವಿಷಯವನ್ನ ಯಾರೂ ಮುಟ್ಟಿಲ್ಲ, ನಾನೇ ಹೇಳ್ತೀನಿ. 2017ರಲ್ಲಿ ಸರ್ವೋದಯ ಕರ್ನಾಟಕ ಸ್ವರಾಜ್ ಇಂಡಿಯಾದಲ್ಲಿ ಸೇರಿತು. ಆ ಸ್ವರಾಜ್ ಇಂಡಿಯಾ ಹುಟ್ಟಿದ್ದೇ, ಸ್ವರಾಜ್ಯದ ಮಾತಾಡ್ತಿದ್ದ ಆಮ್ ಆದ್ಮಿ ಪಕ್ಷದಿಂದ ಯೋಗೇಂದ್ರ ಯಾದವ್, ಪ್ರಶಾಂತ್ ಭೂಷಣ್ ಅವರನ್ನ 2015ರಲ್ಲಿ ಹೊರಗೆ ಹಾಕಿದ ಮೇಲೆ. 2018ರಲ್ಲಿ ದರ್ಶನ್ ಅವರ ತಂದೆ, ಮೇಲುಕೋಟೆ ಶಾಸಕರಾಗಿದ್ದ ಪುಟ್ಟಣ್ಣಯ್ಯನವರು ತೀರಿಕೊಂಡರು, ಆ ಚುನಾವಣೆಯಲ್ಲಿ ದರ್ಶನ್ ಸ್ವರಾಜ್ ಇಂಡಿಯಾದಿಂದ ನಿಂತು ಸೋತರು. 2023ರಲ್ಲಿ ಮತ್ತೆ ಹಳೇ ಹೆಸರಲ್ಲೇ ನಿಂತು ಗೆದ್ದರು. ನನಗೆ ಅನ್ನಿಸೋದು, ಮೇಲುಕೋಟೆಯ ಮತದಾರರಿಗೆ ದಿಲ್ಲಿಯ ಒಳ್ಳೇ ಪಕ್ಷಕ್ಕಿಂತ ತಮಗೆ ಗೊತ್ತಿರೋ ಪಕ್ಷವೇ ಹತ್ತಿರ. ಒಳ್ಳೇ ಜನ ನಡೆಸ್ತಿದ್ದರೂ ದೂರದ ಕೇಂದ್ರ ದೂರದ್ದೇ.

ತುಮಕೂರು_ವಕೀಲೆ

ಈ ಚರ್ಚೆಯಿಂದ ಪಕ್ಷದ ಗೆಳೆಯರಿಗೆ ಒಂದು ಟಿಪ್ಪಣಿ ಕಳಿಸೋಣ. ನಾನು ಬರೆಯೋದು ಇಷ್ಟು. ಬೆಂಬಲ ಬೆಲೆಯ ಖಾತ್ರಿ ಕಾಯ್ದೆ ಕೇಂದ್ರವೇ ಮಾಡಲಿ, ಕೊಳ್ಳೋ ಹೊಣೆ ಯಾರದು, ದುಡ್ಡು ಎಲ್ಲಿಂದ ಅಂತ ಅದರಲ್ಲೇ ಬರೆದಿರಲಿ. ಯಾವ ಹೊಲದಲ್ಲಿ ಯಾವ ಬೆಳೆ ಅನ್ನೋ ದಾಖಲೆ ತಿದ್ದೋ ಅಧಿಕಾರ ಪಂಚಾಯ್ತಿಗೆ. ಕಬ್ಬಿನ ತೂಕ ಕಾರ್ಖಾನೆಯ ಹೊರಗೆ, ಸರ್ಕಾರದ ಕಾಂಟಾದಲ್ಲಿ. ಇಳುವರಿ ಪರೀಕ್ಷೆಗೆ ಕೃಷಿ ವಿಶ್ವವಿದ್ಯಾಲಯದ ಲ್ಯಾಬ್. ಅವಧಿ ಮುಗಿದ ಪಂಚಾಯ್ತಿಗೆ ಆರು ತಿಂಗಳಲ್ಲಿ ಚುನಾವಣೆ ಆಗದಿದ್ದರೆ ಜಿಲ್ಲಾ ಉಸ್ತುವಾರಿ ಸಚಿವರ ಅಧಿಕಾರವೂ ಅಮಾನತು.

ಬೈಲಹೊಂಗಲ_ರೈತ

ಸರಕಾರಿ ಕಾಂಟಾ ಅಂದ್ರ ಅದನ್ನ ತಪಾಸಣಿ ಮಾಡವರು ಯಾರ್ರಿ? ಮಾನದಂಡ ಕೇಂದ್ರದ ಕಾನೂನಿನ್ಯಾಗ, ತಪಾಸಣಿ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖಿದ್ದು. ಕಾರ್ಖಾನಿ ಮಾಲಕರು ಎಲ್ಲಾ ಪಕ್ಷದಾಗೂ ಅದಾರ, ಮಂತ್ರಿ ಆದವರೂ ಅದಾರ. ಕಾಂಟಾ ತಪಾಸಣಿ ದಿನ ರೈತರ ಇಬ್ಬರು ಪ್ರತಿನಿಧಿ ಅಲ್ಲಿ ಇರಲೇಬೇಕು, ಅವರ ಸಹಿ ಇಲ್ಲದ ಸೀಲ್ ನಡಿಯೂದಿಲ್ಲ ಅಂತ ಬರೀರಿ. ಮತ್ತ ತೂಕದ ಚೀಟಿ ಆ ಹೊತ್ತಿಗೇ ರೈತನ ಫೋನಿಗೆ ಬರಬೇಕು.

ಮಾಜಿ_ಮೆಂಬರ್

ವಕೀಲ ಮೇಡಂ, ಬೆಳೆ ದಾಖಲೆ ತಿದ್ದೋ ಅಧಿಕಾರ ಪಂಚಾಯ್ತಿಗೆ ಅಂತ ಬರೆದ ಕಡೆ ಒಂದು ಸಾಲು ಸೇರಿಸಿ. ಗುತ್ತಿಗೆಗೆ, ವಾರಕ್ಕೆ ಅಂದರೆ ಬೆಳೆಯ ಪಾಲಿಗೆ, ಹೊಲ ಮಾಡೋರ ಹೆಸರೂ ಅಲ್ಲಿ ಬರಬೇಕು. ನಮ್ಮ ಕೇರಿಯಲ್ಲಿ ರಾಗಿ ಬೆಳೆಯೋರು ಬಹಳ ಜನ ಬೇರೆಯವರ ಹೊಲ ಮಾಡ್ತಾರೆ. ಪಹಣಿ ಅವರ ಹೆಸರಲ್ಲಿಲ್ಲ, ಹಾಗಾಗಿ ಫ್ರೂಟ್ಸ್ ಐಡಿ ಇಲ್ಲ, ಬೆಂಬಲ ಬೆಲೆ ಹೋಗೋದು ಹೊಲದ ಯಜಮಾನರ ಖಾತೆಗೆ. ಆ ದಾಖಲೆ ಸಭೆ ದೇವಸ್ಥಾನದ ಜಗಲಿ ಮೇಲೆ ಬೇಡ, ಶಾಲೆ ಅಂಗಳದಲ್ಲಿ ಆಗಲಿ. ಇದು ಟಿಪ್ಪಣಿಯಲ್ಲಿ ಇದ್ದರೆ ನಾನೂ ಸಹಿ ಹಾಕ್ತೀನಿ, ನಮ್ಮ ಸ್ವಸಹಾಯ ಸಂಘದವರ ಹತ್ತಿರವೂ ಹಾಕಿಸ್ತೀನಿ.